ಗೋಡೆಗೆ ಅಂಟಿಸಿದ ಕಾರ್ಯಸೂಚಿ

ಪುಣೆಯಲ್ಲಿ ಡೆವಲಪರ್ ಮೀಟಪ್, ಅಂದರೆ ಪ್ರೋಗ್ರಾಮರುಗಳ ತಿಂಗಳ ಕೂಟ, ಶುರು ಮಾಡುವುದು ಸುಲಭ, ಆರನೇ ತಿಂಗಳು ದಾಟಿಸುವುದು ಕಷ್ಟ. ಮೊದಲ ಮೂರು ತಿಂಗಳು ಗೆಳೆಯರೇ ಮಾತಾಡಿ ಮುಗಿಸುತ್ತಾರೆ. ನಾಲ್ಕನೆಯದಕ್ಕೆ ಸ್ಪೀಕರ್ ಹುಡುಕಾಟ. ಐದನೆಯದರಲ್ಲಿ ಜಾಗ ಕೊಟ್ಟ ಕಂಪನಿಯ ಎಚ್‌ಆರ್ ಬಂದು ನೇಮಕಾತಿಯ ಸ್ಲೈಡ್ ತೋರಿಸುತ್ತಾರೆ. ಆಮೇಲೆ, ಎಲ್ಲವನ್ನೂ ತಲೆಮೇಲೆ ಹೊತ್ತಿದ್ದ ಒಬ್ಬರಿಗೆ ಬೆಂಗಳೂರಿನಲ್ಲಿ ಕೆಲಸ ಸಿಗುತ್ತದೆ, ಕೂಟ ಅಲ್ಲಿಗೆ ನಿಲ್ಲುತ್ತದೆ.

ಈ ತೊಡಕು ಹಳೆಯದು. 1975ರ ಮಾರ್ಚ್ 5ರಂದು ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕ್‌ನಲ್ಲಿ, ಗಾರ್ಡನ್ ಫ್ರೆಂಚ್ ಅವರ ಗ್ಯಾರೇಜಿನಲ್ಲಿ ಹವ್ಯಾಸಿಗಳ ಹೋಂಬ್ರೂ ಕಂಪ್ಯೂಟರ್ ಕ್ಲಬ್ ಮೊದಲ ಬಾರಿ ಸೇರಿತು. ಮುಂದೆ ಅದನ್ನು ನಡೆಸಿದ ಲೀ ಫೆಲ್ಸೆನ್‌ಸ್ಟೈನ್ ಸಭೆಯನ್ನು ಎರಡಾಗಿ ಒಡೆದರು. ಮೊದಲು ಒಬ್ಬೊಬ್ಬರೂ ಎದ್ದು ತಮ್ಮಲ್ಲೇನಿದೆ, ತಮಗೇನು ಬೇಕು ಎಂದು ಹೇಳುವುದು. ಆಮೇಲೆ ಬೇಕಾದವರನ್ನು ಹುಡುಕಿಕೊಂಡು ಹೋಗಿ ಮಾತಾಡುವುದು. ಸ್ಪೀಕರ್ ಇಲ್ಲದೆಯೂ ಸಂಜೆ ತುಂಬುತ್ತಿತ್ತು.

ಸಮ್ಮೇಳನ ಸಂಘಟಕ ಹ್ಯಾರಿಸನ್ ಓವನ್ ಬೇರೆ ದಾರಿಯಿಂದ ಇಲ್ಲಿಗೇ ಬಂದರು. ಅವರು ವರ್ಷವಿಡೀ ಬೆವರು ಸುರಿಸಿ ನಡೆಸಿದ ಸಮ್ಮೇಳನದಲ್ಲಿ ಜನ ಮೆಚ್ಚಿದ್ದು ಕಾಫಿ ವಿರಾಮಗಳನ್ನು! 1985ರಲ್ಲಿ ಅವರು ವಿರಾಮವನ್ನೇ ಸಮ್ಮೇಳನವಾಗಿಸಿದ ಪದ್ಧತಿಗೆ ಓಪನ್ ಸ್ಪೇಸ್ ಎಂದು ಹೆಸರು; ಇದರಲ್ಲಿ ಕಾರ್ಯಸೂಚಿಯನ್ನು ಬಂದವರೇ ಸ್ಥಳದಲ್ಲಿ ಬರೆಯುತ್ತಾರೆ. 2005ರ ಆಗಸ್ಟ್‌ನಲ್ಲಿ ಪಾಲೋ ಆಲ್ಟೋದಲ್ಲಿ ನಡೆದ ಬಾರ್‌ಕ್ಯಾಂಪ್ ಈ ಪದ್ಧತಿಯನ್ನು ಪ್ರೋಗ್ರಾಮರುಗಳ ನಡುವೆ ಹಬ್ಬಿಸಿತು. ಆಹ್ವಾನಿತರಿಗಷ್ಟೇ ಬಾಗಿಲು ತೆರೆಯುತ್ತಿದ್ದ ಫೂ ಕ್ಯಾಂಪ್‌ಗೆ ಅದು ಉತ್ತರವಾಗಿತ್ತು. ಮರುವರ್ಷವೇ ಭಾರತಕ್ಕೆ ಬಂತು. ಪುಣೆ, ಮುಂಬೈಗಳಲ್ಲೂ ಬಾರ್‌ಕ್ಯಾಂಪ್‌ಗಳಾದವು.

ದೊಡ್ಡ ಸಮ್ಮೇಳನಗಳ ಲೆಕ್ಕ ಬೇರೆ. ಪೈಥಾನ್ ಭಾಷೆಯವರ ಪೈಕಾನ್ ಇಂಡಿಯಾ 2011ರಲ್ಲಿ ಪುಣೆಗೆ ಬಂದು ಹೋಯಿತು. ರೂಬಿ ಭಾಷೆಯವರ ರೂಬಿಕಾನ್ಫ್ ಇಂಡಿಯಾ 2012, 2013ರಲ್ಲಿ ಪುಣೆಯಲ್ಲಿ ನಡೆದು 2014ರಲ್ಲಿ ಗೋವಾಕ್ಕೆ ಹೋಯಿತು. ಅವಕ್ಕೆ ಟಿಕೆಟ್ ಇದೆ, ಪ್ರಾಯೋಜಕರಿದ್ದಾರೆ. ತಿಂಗಳ ಕೂಟಕ್ಕೆ ಅವೆರಡೂ ಇಲ್ಲ. ಕೂಟಗಳನ್ನು ಪ್ರಕಟಿಸುವ ಮೀಟಪ್ ಜಾಲತಾಣ ಕೂಡ 2005ರಿಂದ ಶುಲ್ಕಕ್ಕಾಗಿ ಸಂಘಟಕರ ಜೇಬಿಗೇ ಕೈಹಾಕಿತು.

ಓಪನ್ ಸ್ಪೇಸ್‌ಗೆ ಬೇಕಾದ ಸಾಮಾನು ಕಡಿಮೆ: ಎ4 ಹಾಳೆ, ದಪ್ಪ ಮಾರ್ಕರ್, ಪೇಪರ್ ಟೇಪ್. 30 ಜನರಿಗೆ ಮೂರು ಮೂಲೆ, 45 ನಿಮಿಷದ ಮೂರು ಸರದಿ, ನಡುವೆ ಹತ್ತು ನಿಮಿಷ ಬಿಡುವು ಇಟ್ಟರೆ ಗೋಡೆಯ ಮೇಲೆ ಒಂಬತ್ತು ಖಾನೆ. ಕುರ್ಚಿಗಳನ್ನು ವೃತ್ತವಾಗಿ ಹಾಕಿ. ವಿಷಯವಿದ್ದವರು ನಡುವೆ ಬಂದು, ಹಾಳೆಯಲ್ಲಿ ಒಂದು ಸಾಲು ಬರೆದು, ಓದಿ, ಖಾನೆಗೆ ಅಂಟಿಸಬೇಕು. ಮೊದಲ ಎರಡು ನಿಮಿಷ ಯಾರೂ ಏಳುವುದಿಲ್ಲ. ಆಗ ಸಂಘಟಕರು ಗಾಬರಿಯಾಗಿ ತಾವೇ ಬರೆದರೆ ಕೆಟ್ಟಿತು, ಉಳಿದವರು ಶ್ರೋತೃಗಳಾಗಿ ಕೂತುಬಿಡುತ್ತಾರೆ. ಸುಮ್ಮನಿರಬೇಕು. ಒಬ್ಬರು ಎದ್ದರೆ ಉಳಿದವರೂ ಏಳುತ್ತಾರೆ. ಕಲಿಯುವುದೂ ಇಲ್ಲ, ಕೊಡುವುದೂ ಇಲ್ಲ ಅನ್ನಿಸಿದವರು ಎದ್ದು ಬೇರೆ ಮೂಲೆಗೆ ಹೋಗಬಹುದು. ಇದು ಓವನ್ ಅವರ ಎರಡು ಕಾಲಿನ ನಿಯಮ. ನಮ್ಮವರಿಗೆ ಇದೇ ಕಷ್ಟ. ಹಿರಿಯ ಸಾಫ್ಟ್‌ವೇರ್ ಆರ್ಕಿಟೆಕ್ಟ್ ಮಾತಾಡುವಾಗ ಎದ್ದು ಹೋಗುವುದೆಂದರೆ ಮರ್ಯಾದೆಯ ಪ್ರಶ್ನೆ. ಆದ್ದರಿಂದ ಈ ನಿಯಮವನ್ನು ಆರಂಭದಲ್ಲಿ ಬಾಯಿಬಿಟ್ಟು ಹೇಳಲೇಬೇಕು.

ಮೂಲೆಗಳಲ್ಲೊಂದು ಕನ್ನಡದಲ್ಲೇ ನಡೆಯಬಹುದು. ಅರ್ಕಾವತ್ತನ್ನೇ ತೆಗೆದುಕೊಳ್ಳಿ: "ಅರ್ಕ" ಬರೆಯುವಾಗ ರಕಾರ, ವಿರಾಮ (ಹಲಂತ ಚಿಹ್ನೆ), ಕಕಾರ ಈ ಕ್ರಮದಲ್ಲಿ ಕಂಪ್ಯೂಟರಿನಲ್ಲಿ ಉಳಿಯುತ್ತವೆ, ತೆರೆಯ ಮೇಲೆ ಮಾತ್ರ ರೇಫ, ಅಂದರೆ ಅರ್ಕಾವತ್ತು, ಕಕಾರದ ಬಲಕ್ಕೆ ಬರುತ್ತದೆ. ಪಿಡಿಎಫ್‌ನಿಂದ ಕಾಪಿ ಮಾಡಿದಾಗ ಪದ ಯಾಕೆ ಚಿಂದಿಯಾಗುತ್ತದೆ ಎಂಬುದಕ್ಕೆ 45 ನಿಮಿಷ ಸಾಲದು.

ಪುಣೆಯ ಐಟಿ ಪ್ರದೇಶ ಹಿಂಜವಡಿಯ ಆಫೀಸಿನಲ್ಲಾದರೆ ವಾರದ ಸಂಜೆ ಬೇಡ. ಟ್ರಾಫಿಕ್ಕಿನಲ್ಲಿ ಅರ್ಧ ಜನ ಉಳಿಯುತ್ತಾರೆ. ಶನಿವಾರ ಬೆಳಿಗ್ಗೆ ಸರಿ. ಶನಿವಾರ ಎಸಿ ಓಡುತ್ತದೆಯೇ ಎಂದು ಮೊದಲೇ ಕೇಳಿ. ಹೆಸರುಗಳ ಪಟ್ಟಿ ಹಿಂದಿನ ದಿನವೇ ಸೆಕ್ಯುರಿಟಿಗೆ ತಲುಪಬೇಕು, ಇಲ್ಲದಿದ್ದರೆ ಲ್ಯಾಪ್‌ಟಾಪ್ ಎಂಟ್ರಿಯಲ್ಲೇ ಮೊದಲ ಸರದಿ ಮುಗಿಯುತ್ತದೆ. ಉಚಿತ ಕೂಟಕ್ಕೆ ಹೆಸರು ಕೊಟ್ಟವರೆಲ್ಲ ಬರುವುದಿಲ್ಲ. ವಡಾಪಾವ್ ಹೇಳುವಾಗ ಇದು ನೆನಪಿರಲಿ. ತಿಂಡಿಗೆ ಪ್ರಾಯೋಜಕರು ಸಿಕ್ಕರೆ, ದುಡ್ಡನ್ನು ಯಾರ ಖಾತೆಗೂ ಹಾಕಿಸದೆ, ಅವರೇ ಅಂಗಡಿಯವರಿಗೆ ಕೊಡಲಿ.

ಪುಣೆಯ ಮನೆಗಳಲ್ಲಿ ಭಿಶಿ, ಅಂದರೆ ಚೀಟಿ, ನಡೆಸುವವರಿಗೆ ಸರದಿ ಅಂದರೇನೆಂದು ಹೇಳಿಕೊಡಬೇಕಿಲ್ಲ. ಇಲ್ಲಿ ಸರದಿ ದುಡ್ಡಿನದಲ್ಲ, ಕೆಲಸದ್ದು. ಜಾಗ, ಗೇಟಿನ ಪಟ್ಟಿ, ಪ್ರಕಟಣೆ ಮೂರಕ್ಕೂ ಮೂವರು. ಪ್ರತಿ ತಿಂಗಳು ಒಬ್ಬರು ಹೊಣೆ ಬಿಟ್ಟು ಹೊಸಬರೊಬ್ಬರು ಬರಬೇಕು. ಬಂದವರ ಕೈಗೆ ಮೊದಲ ದಿನವೇ ಮೀಟಪ್ ಖಾತೆಯ ಪಾಸ್‌ವರ್ಡ್ ಮತ್ತು ಸೆಕ್ಯುರಿಟಿ ಸೂಪರ್‌ವೈಸರ್ ನಂಬರ್ ಕೊಟ್ಟುಬಿಡಿ.