ಪದ ಪರಿಚಯ: ರೇಡಿಯೋ ಟೆಲಿಮೆಟ್ರಿ, ಅಂದರೆ ಮೀನಿನ ಹೆಜ್ಜೆ ಹುಡುಕುವುದು

ನಮ್ಮ ಕುಣಿಗಲ್ ಕಡೆ ಕೆರೆ ಕೋಡಿ ಬಿದ್ದರೆ ಅರ್ಧ ಊರು ಕೋಡಿಯ ಹತ್ತಿರವೇ ಇರುತ್ತದೆ. ಕೆಲವರು ನೀರು ನೋಡಲು, ಜಾಸ್ತಿ ಜನ ಮೀನು ಹಿಡಿಯಲು. ಹೊಸ ನೀರಿನ ವಾಸನೆಗೆ ಮೀನು ಎದುರು ಹತ್ತುತ್ತದೆ ಎಂದು ನಮ್ಮಜ್ಜ ಹೇಳುತ್ತಿದ್ದರು. ಹತ್ತುವುದನ್ನು ನಾವೂ ಕಣ್ಣಾರೆ ಕಂಡಿದ್ದೇವೆ. ಆದರೆ ಹತ್ತಿದ ಮೇಲೆ ಎಲ್ಲಿಗೆ ಹೋಗುತ್ತದೆ? ಮತ್ತೆ ಕೆಳಗೆ ಬರುತ್ತದಾ? ಅದು ಅಜ್ಜನಿಗೂ ಗೊತ್ತಿರಲಿಲ್ಲ. ನೀರಲ್ಲಿ ಮೀನಿನ ಹೆಜ್ಜೆ ಹುಡುಕೋದು ಯಾರ ಕೈಲಿ ಆಗುತ್ತೆ ಹೇಳಿ.

ಆಗುತ್ತದೆ. ಆ ಕೆಲಸಕ್ಕೆ ರೇಡಿಯೋ ಟೆಲಿಮೆಟ್ರಿ ಎನ್ನುತ್ತಾರೆ. 'ಟೆಲಿ' ಎಂದರೆ ಗ್ರೀಕ್ ಭಾಷೆಯಲ್ಲಿ ದೂರ, 'ಮೆಟ್ರಾನ್' ಎಂದರೆ ಅಳತೆ. ಇದನ್ನು ಕನ್ನಡದಲ್ಲಿ 'ದೂರಮಾಪನ' ಎಂದುಬಿಟ್ಟರೆ ದಾರಿ ತಪ್ಪುತ್ತದೆ. ಇದು ದೂರವನ್ನು ಅಳೆಯುವುದಲ್ಲ, ದೂರದಿಂದ ಅಳೆಯುವುದು. ಹಾಗಾಗಿ ಟೆಲಿಮೆಟ್ರಿ ಎಂದೇ ಇರಲಿ ಅಂತ ನನಗನ್ನಿಸುತ್ತದೆ.

ಆನೆಗೆ, ಚಿರತೆಗೆ ರೇಡಿಯೋ ಕಾಲರ್ ಹಾಕಿದ ಸುದ್ದಿ ಓದಿರುತ್ತೀರಿ. ಮೀನಿಗೂ ಅದೇ ಉಪಾಯ, ಆದರೆ ಮೀನಿಗೆ ಕೊರಳೇ ಇಲ್ಲ. ಅದಕ್ಕೇ ರೇಡಿಯೋ ಸಿಗ್ನಲ್ ಕಳಿಸುವ ಪುಟ್ಟ ಟ್ರಾನ್ಸ್‌ಮಿಟರ್ ಅನ್ನು ಹೊಟ್ಟೆಯೊಳಗೆ ಇಡುತ್ತಾರೆ. ಮೊದಲು ಮೀನಿಗೆ ಮಂಪರು ಬರಿಸಬೇಕು. ಅದಕ್ಕೆ ಬಳಸುವ ವಸ್ತುಗಳಲ್ಲಿ ಲವಂಗದ ಎಣ್ಣೆಯೂ ಒಂದು, ನಾವು ಹಲ್ಲುನೋವಿಗೆ ಹಚ್ಚಿಕೊಳ್ಳುವುದೇ. ಮೀನು ಅಲುಗಾಡದೆ ಮಲಗಿದಾಗ ಕಿವಿರಿಗೆ ನೀರು ಹಾಯಿಸುತ್ತಲೇ ಹೊಟ್ಟೆ ಸ್ವಲ್ಪ ಕೊಯ್ದು, ಟ್ರಾನ್ಸ್‌ಮಿಟರ್ ಇಟ್ಟು, ಹೊಲಿಗೆ ಹಾಕುತ್ತಾರೆ. ಕೂದಲಿನಂಥ ಒಂದು ತಂತಿ ಮಾತ್ರ ಹೊರಗೆ ಇಳಿಬಿದ್ದಿರುತ್ತದೆ. ಅದೇ ಆಂಟೆನಾ. ಮೀನು ಚೇತರಿಸಿಕೊಂಡ ಮೇಲೆ ನದಿಗೆ ಬಿಡುತ್ತಾರೆ.

ಟ್ರಾನ್ಸ್‌ಮಿಟರ್‌ನ ಭಾರಕ್ಕೆ ಹಳೆಯದೊಂದು ಲೆಕ್ಕವಿದೆ: ಮೀನಿನ ತೂಕದ 2% ದಾಟಬಾರದು. ಅರ್ಧ ಕೆಜಿ ಗೆಂಡೆಗೆ 10 ಗ್ರಾಂ, ಅಷ್ಟೇ. ತೂಕದಲ್ಲಿ ಬ್ಯಾಟರಿಯದೇ ದೊಡ್ಡ ಪಾಲು. ಹಾಗಾಗಿ ಸಣ್ಣ ಮೀನಿನ ಸಿಗ್ನಲ್ ಕೆಲವು ವಾರಕ್ಕೇ ಮುಗಿಯಬಹುದು, ದೊಡ್ಡ ಮೀನಿನದು ವರ್ಷ ದಾಟಬಹುದು.

ಇನ್ನು ಹುಡುಕುವ ಕೆಲಸ. ದೂರದರ್ಶನದ ಕಾಲದಲ್ಲಿ ಮನೆ ಮೇಲೆ ಹತ್ತಿ ಆಂಟೆನಾ ತಿರುಗಿಸುತ್ತಾ 'ಬಂತಾ? ಈಗ ಬಂತಾ?' ಎಂದು ಕೂಗಿದ್ದು ನೆನಪಿದೆಯಾ? ಅದೇ ಮೀನಿನ ಮುಳ್ಳಿನಂಥ ಯಾಗಿ ಆಂಟೆನಾ ಇಲ್ಲೂ. 1926ರಲ್ಲಿ ಜಪಾನಿನ ಯಾಗಿ ಮತ್ತು ಉಡಾ ಅದರ ಬಗ್ಗೆ ಬರೆದರು, ಹೆಸರು ಮಾತ್ರ ಯಾಗಿಯದೇ ಉಳಿಯಿತು. ಅದನ್ನು ಕೈಯಲ್ಲಿ ಹಿಡಿದು ದಡದ ಮೇಲೆ ನಡೆಯುತ್ತಾರೆ, ಇಲ್ಲವೇ ದೋಣಿಯಲ್ಲಿ ಹೋಗುತ್ತಾರೆ. ಅದಕ್ಕೆ ಜೋಡಿಸಿದ, ಸಿಗ್ನಲ್ ಹಿಡಿಯುವ ರಿಸೀವರ್‌ನಲ್ಲಿ 'ಟಿಕ್, ಟಿಕ್' ಸದ್ದು ಯಾವ ಕಡೆ ಜೋರಾಗುತ್ತದೋ ಆ ಕಡೆ ಮೀನಿದೆ. ಎರಡು ಮೂರು ಜಾಗದಿಂದ ದಿಕ್ಕು ಗುರುತಿಸಿ ಗೆರೆ ಎಳೆದರೆ, ಗೆರೆಗಳು ಕೂಡುವ ಕಡೆ ನಮ್ಮ ಗೆಂಡೆ. ಒಂದೊಂದು ಮೀನಿಗೆ ಒಂದೊಂದು ಫ್ರೀಕ್ವೆನ್ಸಿ ಅಥವಾ ಕೋಡ್ ಇರುವುದರಿಂದ ಯಾವ ಮೀನು ಎಂದೂ ಗೊತ್ತಾಗುತ್ತದೆ.

ನನಗೆ ತುಂಬಾ ಹಿಡಿಸಿದ್ದು ನೀರಿನ ಆಟ. ರೇಡಿಯೋ ಅಲೆಗೆ ಉಪ್ಪು ಆಗುವುದಿಲ್ಲ. ನೀರಲ್ಲಿ ಲವಣ ಜಾಸ್ತಿಯಾದಷ್ಟೂ ವಿದ್ಯುತ್ ಸಲೀಸಾಗಿ ಹರಿಯುತ್ತದೆ, ಅಲೆಯ ಶಕ್ತಿ ಅಲ್ಲೇ ಇಂಗಿಹೋಗುತ್ತದೆ. ಹಾಗಾಗಿ ಸಮುದ್ರದಲ್ಲಿ ಈ ವಿದ್ಯೆ ನಡೆಯುವುದಿಲ್ಲ. ನಮ್ಮ ಕೋಲಾರ, ಪಾವಗಡದ ಕಡೆ ಪಾತ್ರೆಗೆ ಬಿಳಿ ಪೊರೆ ಕಟ್ಟುವ ಬೋರ್‌ವೆಲ್ ನೀರಿದೆಯಲ್ಲ, ಅದನ್ನು ಹೊಂಡಕ್ಕೆ ಬಿಟ್ಟು ಮೀನು ಸಾಕಿದರೆ ಅಲ್ಲೂ ಸಿಗ್ನಲ್ ಸೊರಗುತ್ತದೆ. ಮಳೆಯ ಸಪ್ಪೆ ನೀರಲ್ಲಿ ದೂರ ಹೋಗುತ್ತದೆ. ಆಳವೂ ಶತ್ರುವೇ. ಮೀನು ತಳಕ್ಕೆ ಇಳಿದಷ್ಟೂ ಸದ್ದು ಕ್ಷೀಣ. ಅಂಥ ಕಡೆ ಮತ್ತು ಸಮುದ್ರದಲ್ಲಿ ರೇಡಿಯೋ ಬಿಟ್ಟು ಶಬ್ದದ ಅಲೆ ಬಳಸುತ್ತಾರೆ, ಆಗ ಅದು ಅಕೌಸ್ಟಿಕ್ ಟೆಲಿಮೆಟ್ರಿ. ಆದರೆ ಶಬ್ದ ಕೇಳಲು ಮೈಕನ್ನು ನೀರೊಳಗೇ ಇಳಿಸಬೇಕು. ರೇಡಿಯೋಗೆ ಆ ತಾಪತ್ರಯ ಇಲ್ಲ. ನೀರಿಂದ ಹೊರಬಿದ್ದ ಅಲೆ ಗಾಳಿಯಲ್ಲಿ ಆರಾಮಾಗಿ ಸಾಗುತ್ತದೆ. ವಿಮಾನದಿಂದಲೂ ಹಿಡಿಯಬಹುದು.

ಇದರಿಂದ ಏನು ಉಪಯೋಗ? ಅಮೆರಿಕದ ಕೊಲಂಬಿಯಾ ನದಿಯಲ್ಲಿ ಸಾಲ್ಮನ್ ಮೀನುಗಳು ಅಣೆಕಟ್ಟು ದಾಟುತ್ತವಾ, ಎಲ್ಲಿ ಸಿಕ್ಕಿಬೀಳುತ್ತವೆ ಎಂದು ತಿಳಿದದ್ದು ಹೀಗೆ. ಭೂತಾನ್‌ನಲ್ಲಿ ಗೋಲ್ಡನ್ ಮಹಸೀರ್ ಮೀನಿಗೂ ಇದನ್ನು ಮಾಡಿದ್ದಾರೆ. ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟುವ ನಮ್ಮ ಶಿಂಷಾ ಮಾರ್ಕೋನಹಳ್ಳಿಯಲ್ಲಿ ಅಣೆಕಟ್ಟಿಗೆ ಸಿಗುತ್ತದೆ. ಅಲ್ಲಿ ನೀರು ತುಂಬಿದರೆ ಸೈಫನ್ ತಾನಾಗಿಯೇ ಎಳೆದು ಹೊರಹಾಕುತ್ತದೆ. ನೀರಿಗೆ ದಾರಿ ಇದೆ ಸರಿ, ಕೆಳಗಿನಿಂದ ಬರುವ ಮೀನಿಗೆ? ಕಟ್ಟೆಯ ಮೇಲೊಂದು, ಕೆಳಗೊಂದು ರಿಸೀವರ್ ನಿಲ್ಲಿಸಿದರೆ ಅದಕ್ಕೆ ಉತ್ತರ ತಾನಾಗಿಯೇ ದಾಖಲಾಗುತ್ತದೆ, ಹಗಲು ರಾತ್ರಿ.

ಒಂದೇ ತೊಡಕು. ಸಿಗ್ನಲ್ ಬರುತ್ತಿದೆ ಎಂದರೆ ಮೀನು ಬದುಕಿದೆ ಎಂದಲ್ಲ. ದಿನಗಟ್ಟಲೆ ಒಂದೇ ಕಡೆಯಿಂದ ಬಂದರೆ ಅದು ಬಂಡೆಯ ಸಂದಿಯಲ್ಲಿ ಮಲಗಿರಬಹುದು, ಸತ್ತಿರಲೂಬಹುದು. ಕೊಕ್ಕರೆ ನುಂಗಿದ್ದರೆ 'ಟಿಕ್, ಟಿಕ್' ಮರದ ಮೇಲಿಂದ ಕೇಳುತ್ತದೆ. ಬಲೆಗೆ ಬಿದ್ದಿದ್ದರೆ ಊರೊಳಗಿಂದ, ಯಾರದೋ ಅಡುಗೆಮನೆಯಿಂದ. ಅದಕ್ಕೇ ಎಷ್ಟೋ ಕಡೆ ಟ್ರಾನ್ಸ್‌ಮಿಟರ್ ಮೇಲೆ ಫೋನ್ ನಂಬರ್ ಬರೆದು, ತಂದುಕೊಟ್ಟವರಿಗೆ ಇನಾಮು ಕೊಡುತ್ತಾರೆ. ಸಾರು ಮಾಡಿಕೊಂಡ ಮೇಲೆ ಕೊಟ್ಟರೂ ನಡೆಯುತ್ತದೆ.