ಗಡ್ಡೆ ಕೆರಳುವುದು ಸೂಜಿಯಿಂದಲ್ಲ

‘ಸೂಜಿ ಹಾಕಿದ್ರೆ ಗಡ್ಡೆ ಕೆರಳತ್ತಂತೆ ಮೇಡಂ, ಸ್ಕ್ಯಾನಲ್ಲೇ ನೋಡಿ ಹೇಳ್ಬಿಡಿ.’ ನಾನು ಪೆಥಾಲಜಿಸ್ಟ್, ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗ ಗುರುತಿಸುವ ವೈದ್ಯೆ. ಬೆಂಗಳೂರಿನ ನನ್ನ ಸೂಜಿ ಪರೀಕ್ಷೆಯ ಕೋಣೆಯಲ್ಲಿ, ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಈ ಮಾತು ಕೇಳದ ವಾರವಿಲ್ಲ. ಹೇಳುವವರಲ್ಲಿ ಮಾಗಡಿ ಕಡೆಯ ರೈತರೂ ಇದ್ದಾರೆ, ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಎಂಜಿನಿಯರುಗಳೂ ಇದ್ದಾರೆ.

ಕೆಲವು ವರ್ಷಗಳ ಹಿಂದೆ ಕುಣಿಗಲ್ ಕಡೆಯ ಒಬ್ಬ ತಾಯಿ ಬಂದಿದ್ದರು. ಎಡ ಸ್ತನದಲ್ಲಿ ನೆಲ್ಲಿಕಾಯಿ ಗಾತ್ರದ ಗಂಟು. ಸ್ಪಿರಿಟ್ ಹಚ್ಚಿ ಸೂಜಿ ಕೈಗೆತ್ತಿಕೊಂಡೆ, ಅಷ್ಟರಲ್ಲಿ ಪರದೆಯಾಚೆಯಿಂದ ಅವರ ಮೈದುನ, ‘ಬ್ಯಾಡ ಅತ್ತಿಗೆ, ಎದ್ದು ಬನ್ನಿ’ ಎಂದು ಕೂಗಿದರು. ಅವರ ಊರಲ್ಲಿ ಯಾರೋ ಬಯಾಪ್ಸಿ (ಗಡ್ಡೆಯ ಚೂರು ತೆಗೆದು ನೋಡುವ ಪರೀಕ್ಷೆ) ಮಾಡಿಸಿದ ಮೂರೇ ತಿಂಗಳಿಗೆ ತೀರಿಕೊಂಡಿದ್ದರಂತೆ. ಆ ತಾಯಿ ಎದ್ದು ಹೋದರು. ಏಳು ತಿಂಗಳ ಮೇಲೆ ತಿರುಗಿ ಬಂದಾಗ ಕಂಕುಳಲ್ಲಿ ಎರಡು ಗಂಟು ಕೈಗೆ ಸಿಗುತ್ತಿದ್ದವು. ಆ ಏಳು ತಿಂಗಳಲ್ಲಿ ಯಾವ ಸೂಜಿಯೂ ಅವರನ್ನು ಮುಟ್ಟಿರಲಿಲ್ಲ.

ಊರವರ ಲೆಕ್ಕ ಎಲ್ಲಿ ತಪ್ಪುತ್ತದೆ ಎಂಬುದನ್ನು ನಿಧಾನವಾಗಿ ಹೇಳುತ್ತೇನೆ. ಕ್ಯಾನ್ಸರ್ ಹೌದೋ ಅಲ್ಲವೋ ಎಂದು ತಿಳಿಯಲು ಮೊದಲು ಬಯಾಪ್ಸಿ. ಹೌದೆಂದಾದ ಮೇಲೆ, ಎಲ್ಲೆಲ್ಲಿಗೆ ಹೋಗಿದೆ ಎಂದು ನೋಡಲು ಸಿ.ಟಿ. ಅಥವಾ ಪೆಟ್ ಸ್ಕ್ಯಾನ್. ಅಂದರೆ ‘ಹರಡಿದೆ’ ಎಂಬ ಸುದ್ದಿ ಸಾಮಾನ್ಯವಾಗಿ ಸೂಜಿಯ ನಂತರವೇ ಮನೆಗೆ ಬರುತ್ತದೆ. ಹರಡಿದ್ದು ಸೂಜಿಗೂ ಎಷ್ಟೋ ತಿಂಗಳು ಮೊದಲು. ಗೊತ್ತಾಗಿದ್ದು ಮಾತ್ರ ಆಮೇಲೆ. ಸೋಮವಾರ ಸೂಜಿ, ಶುಕ್ರವಾರ ಸ್ಕ್ಯಾನ್, ಲಿವರ್‌ನಲ್ಲಿ ಮೂರು ಗಡ್ಡೆ. ನಾಲ್ಕು ದಿನದಲ್ಲಿ ಲಿವರ್‌ನಲ್ಲಿ ಸ್ಕ್ಯಾನಿಗೆ ಕಾಣುವಂಥ ಗಡ್ಡೆ ಬೆಳೆಯಲಾರದು. ಆದರೆ ಮನೆಯವರ ನೆನಪಿನಲ್ಲಿ ಉಳಿಯುವುದು ಸೋಮವಾರ, ಶುಕ್ರವಾರ ಅಷ್ಟೇ.

ಕೋಶವೊಂದು ಕಳಚಿಕೊಂಡು ರಕ್ತಕ್ಕೆ ಬಿದ್ದರೆ ಮುಗಿಯಿತು, ಹೋದಲ್ಲೆಲ್ಲ ಬೇರೂರುತ್ತದೆ ಎಂದು ಎಲ್ಲರೂ ಅಂದುಕೊಂಡಿರುತ್ತಾರೆ. 1970ರಲ್ಲಿ ಐಸಾಯಾ ಫಿಡ್ಲರ್ ಎಂಬ ವಿಜ್ಞಾನಿ ಗುರುತು ಹಚ್ಚಿದ ಮೆಲನೋಮಾ (ಒಂದು ಬಗೆಯ ಚರ್ಮದ ಕ್ಯಾನ್ಸರ್) ಕೋಶಗಳನ್ನು ನೇರವಾಗಿ ಇಲಿಗಳ ರಕ್ತನಾಳಕ್ಕೇ ಬಿಟ್ಟು ಲೆಕ್ಕ ಇಟ್ಟರು. ಒಂದು ದಿನ ಕಳೆಯುವಷ್ಟರಲ್ಲಿ ಬದುಕಿದ್ದವು ಸುಮಾರು ಸಾವಿರಕ್ಕೊಂದು. ಗಡ್ಡೆಯಾಗಿ ಬೆಳೆದವು ಹತ್ತು ಸಾವಿರಕ್ಕೆ ಒಂದಕ್ಕಿಂತಲೂ ಕಡಿಮೆ. ಬೇರೂರುವ ಆ ಒಂದು ಕೋಶಕ್ಕೆ ಹೊರಡುವ, ತಾಳುವ, ಹೊಸ ಜಾಗಕ್ಕೆ ಒಗ್ಗುವ ಶಕ್ತಿ ಒಳಗಿನಿಂದ ಬಂದಿರಬೇಕು. ಸೂಜಿ ಅದನ್ನು ಕೊಡಲಾರದು.

ಆ ಶಕ್ತಿ ಬರುವ ಬಗೆಯನ್ನು ರೋಗಿಗಳಿಗೆ ಹೇಳುವಾಗ ನಾನು ಚಿಕ್ಕಪೇಟೆಯ ಸೀರೆ ಅಂಗಡಿಯನ್ನು ನೆನಪಿಸುತ್ತೇನೆ. ಗೋಡೆ ತುಂಬ ಸೀರೆ ಇರುತ್ತವೆ. ಗದ್ದಿಗೆಯ ಮೇಲೆ ಬಿಚ್ಚಿ ಹರಡಿದ್ದಷ್ಟೇ ನಮಗೆ ಕಾಣುವುದು. ಜೀನ್‌ಗಳೂ ಹೀಗೆಯೇ. ಸುಮಾರು ಎರಡು ಮೀಟರ್ ಉದ್ದದ ಡಿ.ಎನ್.ಎ., ಹಿಸ್ಟೋನ್ ಎಂಬ ಪ್ರೋಟೀನಿಗೆ ಸುತ್ತಿಕೊಂಡು, ಮಿಲಿಮೀಟರಿನ ನೂರನೇ ಒಂದು ಭಾಗದಷ್ಟಿರುವ ಕೋಶಕೇಂದ್ರದಲ್ಲಿ ಅಡಗಿ ಕೂತಿರುತ್ತದೆ. ಯಾವುದನ್ನು ಮಡಿಸಿಡಬೇಕು, ಯಾವುದನ್ನು ಬಿಚ್ಚಬೇಕು ಎಂದು ನೋಡಿಕೊಳ್ಳುವ ಕಿಣ್ವಗಳೇ ಎಪಿಜೆನೆಟಿಕ್ ನಿಯಂತ್ರಕಗಳು. ಮ್ಯುಟೇಷನ್, ಅಂದರೆ ಜೀನೇ ಕೆಡುವುದು, ಸೀರೆ ಹರಿದ ಹಾಗೆ. ಇಲ್ಲಿ ಸೀರೆ ಹರಿದಿಲ್ಲ, ಮಡಿಸಿ ಮೂಲೆಗೆ ಸೇರಿಸಿದ್ದಾರೆ.

ಇ-ಕ್ಯಾಡ್ಹೆರಿನ್ ಎಂಬ ಪ್ರೋಟೀನು ಕೋಶವನ್ನು ಪಕ್ಕದ ಕೋಶಕ್ಕೆ ಕಚ್ಚಿ ಹಿಡಿಸುತ್ತದೆ. ಸ್ನೇಲ್ ಎಂಬ ಇನ್ನೊಂದು ಪ್ರೋಟೀನು ಇ-ಕ್ಯಾಡ್ಹೆರಿನ್ ತಯಾರಿಸುವ ಜೀನ್ ಮೇಲೆ ಬಂದು ಕೂತು, ಇಜೆಡ್‌ಎಚ್2 ಎಂಬ ಕಿಣ್ವವನ್ನು ಕರೆಸಿಕೊಳ್ಳುತ್ತದೆ. ಆ ಕಿಣ್ವ ಎಚ್3 ಹಿಸ್ಟೋನಿನ 27ನೇ ಜಾಗಕ್ಕೆ ಮೀಥೈಲ್ ಎಂಬ ಮೂರು ರಾಸಾಯನಿಕ ಗುರುತು ಒತ್ತುತ್ತದೆ. ಎಚ್‌ಡ್ಯಾಕ್ ಕಿಣ್ವಗಳು ಅಸಿಟೈಲ್ ಗುರುತನ್ನು ಕಿತ್ತು ಮಡಿಕೆ ಬಿಗಿ ಮಾಡುತ್ತವೆ. ಜೀನ್ ಮೌನವಾಗುತ್ತದೆ, ಹಿಡಿತ ತಪ್ಪುತ್ತದೆ, ಒತ್ತಾಗಿ ಕೂತಿದ್ದ ಕೋಶ ಉದ್ದುದ್ದವಾಗಿ ಜರುಗತೊಡಗುತ್ತದೆ. ಹರಡಿದ ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಇಜೆಡ್‌ಎಚ್2 ಏರಿರುವುದು 2002ರಲ್ಲೇ ವರದಿಯಾಯಿತು.

ನಾನಿದನ್ನು ಸ್ಲೈಡಿನಲ್ಲಿ ನೋಡುತ್ತೇನೆ. ಇ-ಕ್ಯಾಡ್ಹೆರಿನ್ ತೋರಿಸುವ ಬಣ್ಣ ಹಾಕಿದಾಗ ಗಡ್ಡೆಯ ನಡುವಿನ ಕೋಶಗಳ ಸುತ್ತ ಕಂದು ಗೆರೆ, ಜೇನುಹುಟ್ಟಿನ ಹಾಗೆ. ಸ್ಲೈಡನ್ನು ಅಂಚಿಗೆ ಸರಿಸುತ್ತ ಹೋದರೆ ಕೆಲವು ಗಡ್ಡೆಗಳಲ್ಲಿ ಗೆರೆ ಮಸುಕಾಗುತ್ತದೆ. ಆಚೆ ಒಂದೆರಡು ಕೋಶ ಒಂಟಿಯಾಗಿ ನಿಂತಿರುತ್ತವೆ. ಎಲ್ಲ ಗಡ್ಡೆಯೂ ಹೀಗಲ್ಲ. ಗೆರೆ ಉಳಿಸಿಕೊಂಡೇ ಗುಂಪಾಗಿ ಹೊರಡುವ ಕೋಶಗಳಿವೆ. ಸ್ತನದ ಲಾಬ್ಯುಲರ್ ಎಂಬ ಬಗೆಯ ಕ್ಯಾನ್ಸರಿನಲ್ಲಂತೂ ಬಹಳ ಸಲ ಜೀನೇ ಕೆಟ್ಟಿರುತ್ತದೆ, ಅಲ್ಲಿ ಸೀರೆ ನಿಜವಾಗಿಯೂ ಹರಿದಿದೆ.

ಮಡಿಸಿದ್ದನ್ನು ಬಿಚ್ಚಬಹುದು. ದೂರದ ಎಲುಬಿಗೋ ಶ್ವಾಸಕೋಶಕ್ಕೋ ಹೋದ ಕೋಶ ಅನೇಕ ವೇಳೆ ಮತ್ತೆ ಇ-ಕ್ಯಾಡ್ಹೆರಿನ್ ಜೀನನ್ನು ಬಿಚ್ಚಿಕೊಂಡು, ಹಳೆಯ ರೂಪಕ್ಕೆ ಮರಳಿ ಗಡ್ಡೆ ಕಟ್ಟುತ್ತದೆ. ನಾವೂ ಬಿಚ್ಚಲು ನೋಡುತ್ತಿದ್ದೇವೆ. ಡಿ.ಎನ್.ಎ. ಮೇಲಿನ ಮೀಥೈಲ್ ಗುರುತು ಇಳಿಸುವ ಅಜಾಸಿಟಿಡಿನ್, ಮೂಳೆಮಜ್ಜೆಯ ಒಂದು ಕಾಯಿಲೆಗೆ 2004ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಆದರೆ ಸ್ತನದಿಂದ ಎಲುಬಿಗೆ ಹೋಗುವುದನ್ನು ತಡೆಯುವ ಎಪಿಜೆನೆಟಿಕ್ ಮಾತ್ರೆಯನ್ನು ಇಂದು ಯಾರಾದರೂ ಮಾರುತ್ತಿದ್ದರೆ ನಂಬಬೇಡಿ.

ನಮ್ಮ ಜಕ್ಕೂರಿನ ಜವಾಹರಲಾಲ್ ನೆಹರು ವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ ತಪಸ್ ಕುಂಡು ಅವರ ತಂಡ, ಪುನರ್ಪುಳಿಯ ಗಾರ್ಸಿನಾಲ್ ಮತ್ತು ಅರಿಶಿನದ ಕರ್ಕ್ಯುಮಿನ್ ಹಿಸ್ಟೋನಿಗೆ ಗುರುತು ಒತ್ತುವ ಇಂಥದೇ ಒಂದು ಕಿಣ್ವವಾದ ಪಿ300ನ್ನು ತಡೆಯುತ್ತವೆಂದು 2004ರಲ್ಲಿ ತೋರಿಸಿತು. ನನಗೆ ಹೆಮ್ಮೆಯ ವಿಷಯ. ಇದನ್ನು ಹೇಳಲು ಭಯವೂ ಆಗುತ್ತದೆ, ಏಕೆಂದರೆ ಕೀಮೋ ಬಿಟ್ಟು ಪುನರ್ಪುಳಿ ಪಾನಕ ಕುಡಿದು ಕಾದವರನ್ನು ನೋಡಿದ್ದೇನೆ. ಪ್ರಯೋಗಶಾಲೆಯ ತಟ್ಟೆಯಲ್ಲಿ ಕೋಶಕ್ಕೆ ಸಿಕ್ಕ ಪ್ರಮಾಣ ಪಾನಕದಿಂದ ಗಡ್ಡೆಗೆ ತಲುಪುವುದಿಲ್ಲ. ಊಟದ ಜೊತೆ ಕುಡಿಯಿರಿ, ಬೇಡ ಅನ್ನುವುದಿಲ್ಲ. ಕೀಮೋ ತಾರೀಖು ತಪ್ಪಿಸಬೇಡಿ.

ಸೂಜಿಯ ವಿಷಯದಲ್ಲಿ ನಾವೇ ಹಿಂಜರಿಯುವ ಜಾಗಗಳೂ ಇವೆ. ವೃಷಣದ ಗಡ್ಡೆಗೆ ಚರ್ಮದ ಮೂಲಕ ಸೂಜಿ ಹಾಕುವುದಿಲ್ಲ. ಮಕ್ಕಳ ಕಣ್ಣಿನ ಕ್ಯಾನ್ಸರಾದ ರೆಟಿನೋಬ್ಲಾಸ್ಟೋಮಾಗೆ ಹಾಕುವುದಿಲ್ಲ. ಅಂಡಾಶಯಕ್ಕೇ ಸೀಮಿತವಾದ, ಅನುಮಾನದ ಗಡ್ಡೆಯನ್ನು ಚುಚ್ಚುವುದಿಲ್ಲ. ಲಿವರ್‌ನಲ್ಲಿ ಸೂಜಿಯ ದಾರಿಯಲ್ಲಿ ಕೋಶ ಉಳಿಯುವ ಅಪಾಯ ಸಣ್ಣದಾದರೂ ಇದೆ, ಆದ್ದರಿಂದ ಸ್ಕ್ಯಾನಿನಲ್ಲೇ ಖಚಿತವಾದರೆ ಬಯಾಪ್ಸಿ ಬಿಡುತ್ತೇವೆ. ಸಾರ್ಕೋಮಾ ಎಂಬ ಮೂಳೆಯ ಕ್ಯಾನ್ಸರ್ ಆಗಿದ್ದರೆ ಸೂಜಿಯ ದಾರಿಯನ್ನೂ ಶಸ್ತ್ರಚಿಕಿತ್ಸೆಯಲ್ಲಿ ಸೇರಿಸಿ ತೆಗೆಯುತ್ತಾರೆ; ಎಲ್ಲಿಂದ ಚುಚ್ಚಬೇಕೆಂದು ಆಪರೇಷನ್ ಮಾಡುವವರೇ ಹೇಳಬೇಕು. ನಿಮ್ಮ ಗಡ್ಡೆ ಇವುಗಳಲ್ಲಿ ಒಂದು ಹೌದೋ ಅಲ್ಲವೋ ಎಂದು ವೈದ್ಯರನ್ನು ಕೇಳಿ. ಕೇಳುವ ಹಕ್ಕು ನಿಮಗಿದೆ. ಉತ್ತರಿಸಲು ಬೇಸರಪಟ್ಟರೆ ಇನ್ನೊಬ್ಬರನ್ನು ಕೇಳಿ.

ಕುಣಿಗಲ್ಲಿನ ಆ ತಾಯಿಗೆ ಕೀಮೋ, ಆಪರೇಷನ್, ರೇಡಿಯೇಷನ್ ಎಲ್ಲ ಆಯಿತು. ಚೆಕಪ್ಪಿಗೆ ಬರುತ್ತಾರೆ. ಮೊದಲ ಸಲವೇ ಸೂಜಿ ಹಾಕಿದ್ದರೆ ಇಷ್ಟೆಲ್ಲ ಬೇಕಾಗುತ್ತಿರಲಿಲ್ಲ ಎಂದು ಖಚಿತವಾಗಿ ಹೇಳಲಾರೆ. ಆದರೆ ಆ ಏಳು ತಿಂಗಳು ನನ್ನ ಮನಸ್ಸಿನಿಂದ ಹೋಗಿಲ್ಲ. ಕಳೆದ ಬಾರಿ ತಂಗಿಯನ್ನೂ ಕರೆತಂದಿದ್ದರು. ತಂಗಿಗೂ ಒಂದು ಗಂಟು. ಜೊತೆಗೆ ಅದೇ ಮೈದುನ. ಈ ಸಲ ಅವರು ಪರದೆಯಾಚೆ ಸುಮ್ಮನೆ ಕೂತಿದ್ದರು. ಸೂಜಿ ತೆಗೆದು ಹತ್ತಿ ಒತ್ತಿಕೊಳ್ಳಲು ಹೇಳುವಷ್ಟರಲ್ಲಿ ಅಕ್ಕನೇ ಬಾಗಿ ಒತ್ತಿ ಹಿಡಿದರು, ‘ಐದು ನಿಮಿಷ ಬಿಡಬಾರ್ದು ಕಣೇ’ ಅನ್ನುತ್ತ.