ಕೆರೆಯಲ್ಲಿ ಕಲಿತವರು ಕರಾವಳಿಗೆ ಹೊರಟಾಗ: ಹಕ್ಕಿ ವೀಕ್ಷಣೆಯ ಟಿಪ್ಪಣಿ

ಧಾರವಾಡ, ಗದಗ ಕಡೆಯ ನಾವೆಲ್ಲ ಹಕ್ಕಿ ನೋಡಲು ಕಲಿಯುವುದು ಕೆರೆ ದಂಡೆಯ ಮೇಲೆ. ಕೆಲಗೇರಿ, ಉಣಕಲ್, ಚಳಿಗಾಲ ಬಂದರೆ ಶಿರಹಟ್ಟಿ ತಾಲೂಕಿನ ಮಾಗಡಿ. ಅಲ್ಲಿ ಕಲಿತ ಮೊದಲ ಪಾಠ ಒಂದೇ: ನಸುಕಿನಲ್ಲಿ ಏಳಬೇಕು. ಅದೇ ಪಾಠ ಹಿಡಿದುಕೊಂಡು ಅಂಕೋಲಾ, ಕುಮಟಾ ಕಡೆ ಇಳಿದರೆ ಕೆಲವೊಮ್ಮೆ ಖಾಲಿ ನೀರು ನೋಡಿ ಬರಬೇಕಾಗುತ್ತದೆ. ಅಳಿವೆಯ, ಅಂದರೆ ನದಿ ಕಡಲು ಸೇರುವ ಜಾಗದ, ಹಕ್ಕಿಗಳು ಉಬ್ಬರ-ಇಳಿತ ನೋಡಿಕೊಂಡು ಉಣ್ಣುತ್ತವೆ, ಮಲಗುತ್ತವೆ. ಬೆಳಗೋ ಸಂಜೆಯೋ ಎಂಬುದು ಅವಕ್ಕೆ ಅಷ್ಟು ಮುಖ್ಯವಲ್ಲ.

2024ರಲ್ಲಿ ರಾಮ್ಸಾರ್ ಪಟ್ಟಿಗೆ (ಅಂತಾರಾಷ್ಟ್ರೀಯ ಮಹತ್ವದ ಜೌಗು ತಾಣಗಳ ಪಟ್ಟಿ) ಸೇರಿದ ನಮ್ಮ ರಾಜ್ಯದ ಮೂರು ತಾಣಗಳಲ್ಲಿ ಮಾಗಡಿ ಕೆರೆಯೂ ಇದೆ, ಕುಮಟಾ ಬಳಿಯ ಅಘನಾಶಿನಿ ಅಳಿವೆಯೂ ಇದೆ. ಎರಡನ್ನೂ ಒಂದೇ ಚಳಿಗಾಲದಲ್ಲಿ ನೋಡಿದರೆ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ಮಾಗಡಿಯ ಪಟ್ಟೆತಲೆ ಹೆಬ್ಬಾತುಗಳು ಸುತ್ತಲಿನ ಹೊಲಗಳಲ್ಲಿ ಮೇಯ್ದು ಬಂದು ಹಗಲು ನೀರಿನಲ್ಲಿ ಕೂರುತ್ತವೆ. ದಂಡೆಯ ಮೇಲೆ ಕುಳಿತರೆ ನಿಧಾನವಾಗಿ ನೋಡಬಹುದು. ಅಘನಾಶಿನಿಯಲ್ಲಿ ಹಕ್ಕಿಗಳ ಊಟ ಇರುವುದು ಕೆಸರಿನೊಳಗೆ: ಹುಳು, ಸಣ್ಣ ಏಡಿ, ಚಿಪ್ಪಿನ ಜೀವಿಗಳು. ನೀರು ಇಳಿದಾಗ ಮಾತ್ರ ಆ ಕೆಸರು ತೆರೆದುಕೊಳ್ಳುತ್ತದೆ. ಬಳಚು (ತಿನ್ನುವ ಚಿಪ್ಪಿನ ಜೀವಿ) ಹೆಕ್ಕುವ ಜನರೂ ಅದೇ ಹೊತ್ತಿಗೆ ಇಳಿಯುತ್ತಾರೆ.

ಉಬ್ಬರದ ಲೆಕ್ಕ

ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಇವತ್ತಿನ ಸಮಯ ನಾಳೆಗೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಮೊಬೈಲಿನಲ್ಲಿ ಕಾರವಾರದ ಉಬ್ಬರದ ವೇಳಾಪಟ್ಟಿ ಸಿಗುತ್ತದೆ. ಅಳಿವೆಯಲ್ಲಿ ಒಳಗೆ ಹೋದಷ್ಟೂ ಉಬ್ಬರ ತಡವಾಗಿ ಬರುತ್ತದೆ, ಅದನ್ನೂ ಸೇರಿಸಿಕೊಳ್ಳಿ.

ಗೋಡೆಯ ಮೇಲಿನ ಕ್ಯಾಲೆಂಡರ್ ಕೂಡ ಕೆಲಸಕ್ಕೆ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸು ಏರಿಳಿತ ಜಾಸ್ತಿ. ಅಷ್ಟಮಿ ಆಸುಪಾಸು ಕಡಿಮೆ. ಏರಿಳಿತ ದೊಡ್ಡದಿದ್ದ ದಿನ ನೀರು ಪೂರ್ತಿ ಇಳಿದಾಗ ಹಕ್ಕಿಗಳು ಎಲ್ಲೋ ದೂರ, ಚುಕ್ಕೆಗಳಂತೆ ಕಾಣುತ್ತವೆ. ಅದಕ್ಕೇ ನಾನು ಹೇಳುವುದು: ನೀರು ಏರಲು ಶುರುವಾದ ಮೇಲಿನ ಒಂದೆರಡು ಗಂಟೆ ಹಿಡಿಯಿರಿ. ನೀರೇ ಹಕ್ಕಿಗಳನ್ನು ದಂಡೆಯ ಕಡೆ ತಳ್ಳಿಕೊಂಡು ಬರುತ್ತದೆ. ನಾವು ಕೆಸರಿಗೆ ಇಳಿಯುವ ಅಗತ್ಯವೂ ಇಲ್ಲ, ಇಳಿಯಲೂಬಾರದು, ಮೊಣಕಾಲಿನವರೆಗೆ ಹೂತುಹೋಗುವ ಜಾಗಗಳಿವೆ. ಪೂರ್ತಿ ಉಬ್ಬರದಲ್ಲಿ ಹಕ್ಕಿಗಳು ಗಜನಿ ಗದ್ದೆಯ (ಅಳಿವೆಯ ಪಕ್ಕದ ಉಪ್ಪುನೀರಿನ ಗದ್ದೆ) ಬದುಗಳ ಮೇಲೆ ಗುಂಪಾಗಿ ನಿಂತು ವಿಶ್ರಾಂತಿ ತೆಗೆದುಕೊಳ್ಳುತ್ತವೆ. ಫೋಟೋಗಾಗಿ ಆ ಗುಂಪನ್ನು ಎಬ್ಬಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಏಪ್ರಿಲ್‌ನಲ್ಲಿ ಸಾವಿರಾರು ಕಿಲೋಮೀಟರ್ ಹಾರಬೇಕಾದ ಹಕ್ಕಿಯ ಕೊಬ್ಬು ಸುಮ್ನೆ ಖರ್ಚಾಗುತ್ತದೆ, ಅಲ್ವಾ?

ಹುಬ್ಬಳ್ಳಿಯಿಂದ ಬೆಳಗಿನ ಬಸ್ಸು ಹಿಡಿದು ಯಲ್ಲಾಪುರ, ಅರಬೈಲ್ ಘಟ್ಟ ದಾಟಿ ಇಳಿಯುವಷ್ಟರಲ್ಲಿ ಬಿಸಿಲು ಏರಿರುತ್ತದೆ. ಹಿಂದಿನ ರಾತ್ರಿಯೇ ಹೋಗಿ ಉಳಿಯುವುದು ವಾಸಿ. ಬೆಳಕಿನ ಕಾರಣಕ್ಕೂ ಇದು ಒಳ್ಳೆಯದು. ನಮ್ಮ ಕಡಲು ಪಶ್ಚಿಮಕ್ಕಿದೆ. ಬೆಳಿಗ್ಗೆ ಸೂರ್ಯ ನಮ್ಮ ಬೆನ್ನಿಗಿರುತ್ತಾನೆ, ಗರಿಯ ಬಣ್ಣ ಸರಿಯಾಗಿ ಕಾಣುತ್ತದೆ. ಸಂಜೆ ಎಲ್ಲ ಹಕ್ಕಿಗಳೂ ಕರಿ ನೆರಳು. ಮಧ್ಯಾಹ್ನ ಮರಳಿನ ಮೇಲೆ ಗಾಳಿ ಕುದಿಯುವಾಗ ಒಳ್ಳೆಯ ಸ್ಪಾಟಿಂಗ್ ಸ್ಕೋಪ್ (ಹಕ್ಕಿ ನೋಡುವ ದೂರದರ್ಶಕ) ಕೂಡ ಸೋಲುತ್ತದೆ.

ಸಣ್ಣ ಪ್ಲೋವರ್‌ಗಳ ಗೊಂದಲ

ಎಲ್ಲರೂ ಒದ್ದಾಡುವುದು ಪ್ಲೋವರ್ ಎಂಬ ಸಣ್ಣ ದಂಡೆ ಹಕ್ಕಿಗಳಲ್ಲೇ. ಚಳಿಗಾಲದಲ್ಲಿ ಇವೆಲ್ಲ ಮೇಲೆ ಕಂದು, ಕೆಳಗೆ ಬಿಳಿ. ಮೊದಲು ನಡಿಗೆ ನೋಡಿ. ಪ್ಲೋವರ್ ಓಡುತ್ತದೆ, ಗಕ್ಕನೆ ನಿಲ್ಲುತ್ತದೆ, ಬಗ್ಗಿ ಕುಕ್ಕುತ್ತದೆ. ಅದು ಕಣ್ಣಿನಿಂದ ಬೇಟೆಯಾಡುವ ಹಕ್ಕಿ, ಅದಕ್ಕೇ ಕಣ್ಣು ದೊಡ್ಡದು, ಕೊಕ್ಕು ಚಿಕ್ಕದು. ಗೊರವಗಳು (ಸ್ಯಾಂಡ್‌ಪೈಪರ್) ನಡೆಯುತ್ತಲೇ ಕೊಕ್ಕನ್ನು ಕೆಸರಿಗೆ ಚುಚ್ಚುತ್ತಿರುತ್ತವೆ.

ಪ್ಲೋವರ್ ಎಂದು ಖಚಿತವಾದ ಮೇಲೆ ಕತ್ತಿನ ಹಿಂಭಾಗ ನೋಡಿ. ಅಲ್ಲಿ ಬಿಳಿ ಪಟ್ಟಿ ಇದ್ದು, ಎದೆಯ ಎರಡು ಬದಿಗೆ ಮಾತ್ರ ಕಂದು ಮಚ್ಚೆ ಇದ್ದರೆ ಕೆಂಟಿಶ್ ಪ್ಲೋವರ್. ಬಿಳಿ ಪಟ್ಟಿಯ ಜೊತೆ ಕಣ್ಣಿನ ಸುತ್ತ ಹಳದಿ ಉಂಗುರ ಇದ್ದರೆ ನಮ್ಮ ಕೆರೆಗಳಲ್ಲೂ ಸಿಗುವ ಲಿಟಲ್ ರಿಂಗ್ಡ್ ಪ್ಲೋವರ್. ಕತ್ತಿನ ಹಿಂದೆ ಬಿಳಿ ಇಲ್ಲವೇ ಇಲ್ಲ ಎಂದರೆ ಸ್ಯಾಂಡ್ ಪ್ಲೋವರ್‌ಗಳ ಸರದಿ.

ಸ್ಯಾಂಡ್ ಪ್ಲೋವರ್‌ಗಳಲ್ಲಿ ಲೆಸ್ಸರ್, ಗ್ರೇಟರ್ ಎಂಬ ಎರಡನ್ನು ಬೇರ್ಪಡಿಸಲು ಕೊಕ್ಕೇ ಅಳತೆಗೋಲು. ಕೊಕ್ಕಿನ ಬುಡದಿಂದ ಕಣ್ಣಿನ ಹಿಂದಿನ ಅಂಚಿನವರೆಗಿನ ದೂರವನ್ನು ಮನಸ್ಸಿನಲ್ಲೇ ಹಿಡಿಯಿರಿ. ಕೊಕ್ಕು ಅದಕ್ಕಿಂತ ಉದ್ದವಿದ್ದರೆ ಗ್ರೇಟರ್. ಅಷ್ಟೇ ಅಥವಾ ಕಡಿಮೆ ಇದ್ದರೆ ಲೆಸ್ಸರ್. ಹಕ್ಕಿ ಪೂರ್ತಿ ಅಡ್ಡಕ್ಕೆ ನಿಂತಾಗ ಮಾತ್ರ ಈ ಅಳತೆ ನಂಬಿ. ಗ್ರೇಟರ್‌ನ ಕಾಲು ತುಸು ಹಸಿರು-ಹಳದಿ ಎಂದು ಪುಸ್ತಕಗಳಲ್ಲಿರುತ್ತದೆ, ಸರಿಯೇ. ಆದರೆ ಅಳಿವೆಯ ಕೆಸರು ಮೆತ್ತಿಕೊಂಡ ಕಾಲಿಗೆ ಯಾವ ಬಣ್ಣ? ಇನ್ನೊಂದು ವಿಷಯ: ಹಕ್ಕಿ ದಾಖಲಿಸುವ ಜಾಲತಾಣ ಇಬರ್ಡ್ ಲೆಸ್ಸರ್ ಅನ್ನು 2023ರಲ್ಲಿ ಎರಡು ಜಾತಿ ಮಾಡಿತು. ನಮ್ಮ ತೀರದ್ದು ಈಗ ಅಲ್ಲಿ ಟಿಬೆಟನ್ ಸ್ಯಾಂಡ್ ಪ್ಲೋವರ್ ಹೆಸರಿನಲ್ಲಿದೆ. ಹಳೆಯ ಹೆಸರು ಹುಡುಕಿ ಸಿಗಲಿಲ್ಲವೆಂದು ಗಾಬರಿ ಬೇಡ.

ದೊಡ್ಡವು ಸುಲಭ. ಕೆಳಕ್ಕೆ ಬಾಗಿದ ಅತಿ ಉದ್ದ ಕೊಕ್ಕು ಕರ್ಲ್ಯೂ. ಕೊಕ್ಕು ಅದಕ್ಕಿಂತ ಗಿಡ್ಡ, ತಲೆಯ ಮೇಲೆ ಪಟ್ಟೆ ಇದ್ದರೆ ವಿಂಬ್ರೆಲ್. ಅಲೆಯ ಹಿಂದೆ ಓಡಿ, ಅಲೆ ಬಂದಾಗ ವಾಪಸ್ ಓಡಿ ಬರುವ ಬಿಳಿಚು ಹಕ್ಕಿ ಸ್ಯಾಂಡರ್ಲಿಂಗ್. ರೀವಗಳಲ್ಲಿ (ಟರ್ನ್) ಕೊಕ್ಕಿನ ಬಣ್ಣ ಸಾಕು: ಹಳದಿ ಇದ್ದರೆ ಗ್ರೇಟರ್ ಕ್ರೆಸ್ಟೆಡ್, ಕಿತ್ತಳೆ ಇದ್ದರೆ ಲೆಸ್ಸರ್ ಕ್ರೆಸ್ಟೆಡ್, ದಪ್ಪ ಕೆಂಪು ಇದ್ದರೆ ಕ್ಯಾಸ್ಪಿಯನ್.

ದೊಡ್ಡ ಕಡಲಕಾಗೆಗಳನ್ನು ಮೊದಲ ವರ್ಷ ಬಿಟ್ಟುಬಿಡಿ ಎನ್ನುವುದು ನನ್ನ ಸಲಹೆ. ಅವು ವಯಸ್ಕ ಗರಿ ಪಡೆಯಲು ಮೂರ್ನಾಲ್ಕು ವರ್ಷ ಬೇಕು, ಪ್ರತಿ ವರ್ಷವೂ ಬೇರೆ ವೇಷ. ಇಬರ್ಡ್‌ನಲ್ಲಿ ಜಾತಿ ಹೆಸರಿಸದೆ ಬರೀ ‘ಗಲ್’ ಎಂದು ದಾಖಲಿಸಲೂ ಅವಕಾಶವಿದೆ.